ಪರಸಿ ನೆಲಕ್ಕೆ ಹುಳಿ ಆಗದು

ಮನೆಯನ್ನು ಶುಚಿಗೊಳಿಸಲು ರಾಸಾಯನಿಕಗಳನ್ನು ಬಿಟ್ಟು ವಿನೆಗರ್, ನಿಂಬೆರಸ, ಹುಣಸೆಹುಳಿ ಬಳಸಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ಪರಿಸರಸ್ನೇಹಿ ಎಂಬ ಹಣೆಪಟ್ಟಿ ಇರುವುದರಿಂದ ಅದನ್ನು ಪ್ರಶ್ನಿಸುವವರು ಕಡಿಮೆ. ಕರಾವಳಿಗೆ ಈ ಸಲಹೆ ಬಹುಮಟ್ಟಿಗೆ ಹೊಂದುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಸೀಮೆಯಲ್ಲಿ ಮನೆಯವರ ದೊಡ್ಡ ತಲೆನೋವು ಬೂಷ್ಟು. ಕಪಾಟಿನ ಬಾಗಿಲಿಗೆ, ಚರ್ಮದ ಚೀಲಕ್ಕೆ ಹತ್ತುವ ಬೂಷ್ಟನ್ನು ಒರೆಸಲು ವಿನೆಗರ್ ಒಳ್ಳೆಯ ಸಾಧನವೇ ಸರಿ. ಅದೇ ಸೀಸೆಯನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗೆ ತಂದು ನೆಲಕ್ಕೆ ಸುರಿದರೆ ನೆಲವೇ ಕರಗತೊಡಗುತ್ತದೆ.

ಈ ಭಾಗದ ಮಣ್ಣಿನಡಿ ಇರುವುದು ಸುಣ್ಣದಕಲ್ಲು. ಪದರು ಪದರಾಗಿ ಏಳುವ ಅದನ್ನು ಗಣಿಯಲ್ಲಿ ಸೀಳಿ ಅಂಚು ಕತ್ತರಿಸಿದರೆ ನಮ್ಮವರ ಪರಸಿ. ಹೊರಗಿನವರ ಬಾಯಲ್ಲಿ ಶಹಾಬಾದ್ ಕಲ್ಲು. ಪುಣೆ, ಮುಂಬೈ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ ಬೂದು ಬಣ್ಣದ ತಣ್ಣನೆಯ ನೆಲ ಕಂಡವರು ಅದರ ಮೇಲೆ ಕಾಲಿಟ್ಟಿದ್ದಾರೆ. ಇದೇ ಸುಣ್ಣದಕಲ್ಲನ್ನು ಪುಡಿಮಾಡಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಜಿಪ್ಸಂ ಬೆರೆಸಿ ಅರೆದರೆ ಸಿಮೆಂಟು. ಕಾರ್ಖಾನೆಗಳು ಇಲ್ಲಿ ಸಾಲುಗಟ್ಟಿ ನಿಂತಿರುವುದು ಅದಕ್ಕಾಗಿಯೇ. ಹೀಗಾಗಿ ನಮ್ಮಲ್ಲಿ ಒಂದೇ ಕಲ್ಲು ಕಾಲಡಿಯಲ್ಲಿ ಹಾಸಾಗಿಯೂ ತಲೆಯ ಮೇಲೆ ದೂಳಾಗಿಯೂ ಇದೆ.

ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತ ಕರಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ನೋಡಿದ ಗುಳ್ಳೆಗಳು ಇವೇ. ಆಮ್ಲ ಅಂಗಡಿಯಿಂದ ಬಂದಿತೋ ನಿಂಬೆಗಿಡದಿಂದ ಬಂದಿತೋ ಎಂದು ಕಲ್ಲು ವಿಚಾರಿಸುವುದಿಲ್ಲ. ನಾನು ಬೆಳೆದದ್ದು ವಾಡಿಯಲ್ಲಿ. ಹಿತ್ತಾಳೆಯ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಮ್ಮವ್ವ ಹಿತ್ತಲ ಮಣ್ಣಿನ ಮೇಲೆಯೇ ಕೂರುತ್ತಿದ್ದಳು. ‘ಪರಸಿಗಿ ಹುಳಿ ತಾಗಿಸಬ್ಯಾಡ, ಬೆಳ್ಳನ ಕಲಿ ಬೀಳ್ತದ’ ಎನ್ನುತ್ತಿದ್ದಳು. ರಸಾಯನಶಾಸ್ತ್ರ ಓದದ ಆಕೆ ಹೇಳಿದ್ದು ರಸಾಯನಶಾಸ್ತ್ರವನ್ನೇ. ಅದು ಒರೆಸಿದರೆ ಹೋಗುವ ಕಲೆಯಾಗಿರಲಿಲ್ಲ. ಕಲ್ಲಿನ ನುಣುಪು ತಿಂದುಹೋದ ಗುರುತು.

ಇನ್ನು ದೂಳು. ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ಬೆಳಿಗ್ಗೆ ಗುಡಿಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಈ ದೂಳಿನಲ್ಲಿ ಸಿಮೆಂಟಿನ ಅಂಶವಿದ್ದರೆ ಅದು ಹೊಲದ ದೂಳಿನಂತೆ ವರ್ತಿಸುವುದಿಲ್ಲ. ನೀರು ತಾಗಿದ ಕೂಡಲೇ ಗಟ್ಟಿಯಾಗತೊಡಗುತ್ತದೆ. ಗುಡಿಸದೆ ಒದ್ದೆ ಬಟ್ಟೆ ಎಳೆದರೆ ನೆಲದ ಮೇಲೆ ತೆಳುವಾದ ಬೂದು ಪೊರೆ ಕೂರುತ್ತದೆ. ಮೇಲೆ ಇಲ್ಲಿಯ ಕೊಳವೆಬಾವಿಗಳ ಗಡಸು ನೀರು. ಅದು ಒಣಗಿದಲ್ಲೆಲ್ಲ ಬಿಳಿ ಬಿಳಿ ಸುಣ್ಣ. ಹಬ್ಬ ಹತ್ತಿರ ಬಂದಾಗ ಈ ಪೊರೆ ತೆಗೆಯಲು ಅಂಗಡಿಯಿಂದ ಆ್ಯಸಿಡ್ ಬಾಟಲಿ ಬರುತ್ತದೆ. ಪೊರೆ ಹೋಗುತ್ತದೆ, ಅದರೊಂದಿಗೆ ಕಲ್ಲಿನ ಮೈಯೂ. ಒರಟಾದ ಕಲ್ಲು ಮುಂದಿನ ಸಲ ಇನ್ನಷ್ಟು ಕೊಳೆ ಹಿಡಿಯುತ್ತದೆ, ಇನ್ನೊಂದು ಬಾಟಲಿ ಬೇಕಾಗುತ್ತದೆ. ಬಾಟಲಿಯ ಬದಲು ವಿನೆಗರ್ ತಂದರೆ ಇದೇ ಚಕ್ರ ತುಸು ನಿಧಾನವಾಗಿ ತಿರುಗುತ್ತದೆ, ಅಷ್ಟೆ.

ಹಾಗಾದರೆ ಮಾಡುವುದೇನು? ಮೊದಲು ಒಣಗಿದ ನೆಲವನ್ನು ಮೆತ್ತನೆಯ ಕಸಬರಿಗೆಯಿಂದ, ದೂಳು ಮೇಲೇಳದಂತೆ, ಎರಡು ಸಲ ಗುಡಿಸಬೇಕು. ಆಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಸೋಡಾ ಕ್ಷಾರ; ಸುಣ್ಣದಕಲ್ಲಿಗೆ ಅದರಿಂದ ತೊಂದರೆಯಿಲ್ಲ, ಗಡಸು ನೀರನ್ನೂ ಅದು ಮೆದುವಾಗಿಸುತ್ತದೆ. ಕೈ ಒಣಗುವುದರಿಂದ ಗವಸು ಇದ್ದರೆ ಒಳ್ಳೆಯದು. ಕೊನೆಗೆ ಬರಿಯ ನೀರಿನಲ್ಲಿ ಒಮ್ಮೆ ಒರೆಸಿ, ಒಣಬಟ್ಟೆಯಿಂದ ತೇವ ತೆಗೆದರೆ ಬಿಳಿ ಕಲೆ ನಿಲ್ಲದು. ಮಳೆ ಕರಾವಳಿಯ ಕಾಲುಭಾಗವೂ ಬೀಳದ ಜಿಲ್ಲೆಯಲ್ಲಿ, ಬೇಸಿಗೆಯಲ್ಲಿ ಕೊಡಗಳ ಸಾಲು ಹಚ್ಚುವ ಓಣಿಗಳಲ್ಲಿ, ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಚೆಲ್ಲಿ ತೊಳೆಯುವುದನ್ನು ಪರಿಸರಸ್ನೇಹಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆ್ಯಸಿಡ್ ಕುರಿತು ಇನ್ನೊಂದು ಮಾತು. ಬಚ್ಚಲಿಗೆ ಆ್ಯಸಿಡ್ ಹಾಕಿ ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಚೆಲ್ಲುವ ರೂಢಿ ಹಲವು ಮನೆಗಳಲ್ಲಿದೆ. ಎರಡೂ ಕೂಡಿದರೆ ಹೊರಬರುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಎರವಾದೀತು. ಆ ಹೊಗೆಯನ್ನು ಬಹುತೇಕ ಕುಡಿಯುವವಳು ಮನೆಗೆಲಸಕ್ಕೆ ಬರುವ ಹೆಂಗಸು. ಸಾಮಾನು ಕೊಳ್ಳುವವರು ನಾವು.

ಇಷ್ಟೆಲ್ಲ ಮಾಡಿಯೂ ಸಂಜೆಗೆ ಮತ್ತೆ ದೂಳು ಬೀಳುತ್ತದೆ. ಚಿಮಣಿಯಿಂದ ಹೊರಬೀಳುವ ದೂಳಿಗೆ ಕೇಂದ್ರ ಪರಿಸರ ಸಚಿವಾಲಯ 2014ರಲ್ಲಿ ಮಿತಿಯನ್ನು ಬಿಗಿಗೊಳಿಸಿತು. ಆದರೆ ನಮ್ಮ ನೆಲದ ಮೇಲೆ ಬೀಳುವುದೆಲ್ಲ ಚಿಮಣಿಯದಲ್ಲ. ಗಣಿಯಲ್ಲಿ ಕಲ್ಲು ಒಡೆಯುವಾಗ, ತೆರೆದ ರಾಶಿಗಳ ಮೇಲೆ ಗಾಳಿ ಬೀಸುವಾಗ, ಹೊದಿಕೆಯಿಲ್ಲದ ಲಾರಿಗಳು ಹೊಂಡಬಿದ್ದ ರಸ್ತೆಯಲ್ಲಿ ಕುಲುಕುತ್ತ ಸಾಗುವಾಗ ಏಳುವ ದೂಳನ್ನು ಯಾವ ಚಿಮಣಿಯ ಮಾಪಕವೂ ಅಳೆಯುವುದಿಲ್ಲ. ಅದನ್ನು ಅಳೆಯುತ್ತಿರುವುದು ದಿನಕ್ಕೆ ಮೂರು ಸಲ ಕಸಬರಿಗೆ ಹಿಡಿಯುವ ಕೈಗಳು. ಆ ದುಡಿಮೆಗೆ ಕೂಲಿಯಿಲ್ಲ, ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಅದಕ್ಕೆ ಕಲಂ ಇಲ್ಲ. ಲಾರಿಗೆ ತಾಡಪತ್ರಿ ಹೊದಿಸುವುದು, ಊರೊಳಗಿನ ರಸ್ತೆಗೆ ಡಾಂಬರು ಹಾಕಿ ಯಂತ್ರದಿಂದ ಗುಡಿಸುವುದು, ರಾಶಿಗಳಿಗೆ ಸೂರು ಕಟ್ಟುವುದು ದೊಡ್ಡ ವಿಜ್ಞಾನವೇನಲ್ಲ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಇವನ್ನು ಕೇಳುವಾಗ ಗಂಡಸರು ಆರೋಗ್ಯದ ಜೊತೆಗೆ ಬೆಳೆಹಾನಿಯ ಮಾತೆತ್ತುತ್ತಾರೆ. ಮನೆಯೊಳಗಿನ ದೂಳಿನ ಲೆಕ್ಕ ಹೇಳಬಲ್ಲ ಹೆಂಗಸರನ್ನು ಮುಂದಿನ ಸಭೆಗಾದರೂ ಕರೆಯಲಿ.