ಮುಂದಿನ ಸೀಟು ಯಾರಿಗೆ? ಹತ್ತು-ಹನ್ನೆರಡು ವರ್ಷದ ಮಕ್ಕಳಿರುವ ಮನೆಯವರಿಗೆ



ಮಕ್ಕಳ ಪರೀಕ್ಷೆ ಮುಗಿದು ರಜೆ ಬಂತೆಂದರೆ ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. ಮುಂಬಯಿಯಿಂದ ಉಡುಪಿಗೆ, ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಬೀದರಿಗೆ, ಚೆನ್ನೈಯಿಂದ ಬೆಂಗಳೂರಿಗೆ ಕಾರುಗಳು ಹೊರಡುತ್ತವೆ. ದೆಹಲಿಯವರು ರೈಲಿನಲ್ಲೋ ವಿಮಾನದಲ್ಲೋ ಬಂದರೂ ಊರಿನಲ್ಲಿ ಓಡಾಡಲು ಒಂದು ಬಾಡಿಗೆ ಕಾರು ಬೇಕೇ ಬೇಕು. ಡಿಕ್ಕಿಗೆ ಸಾಮಾನು ತುಂಬಿ, ಮನೆಗೆ ಬೀಗ ಹಾಕಿ ಇನ್ನೇನು ಹೊರಡಬೇಕು ಅನ್ನುವಾಗ ಶುರುವಾಗುತ್ತದೆ ಜಗಳ: "ಮುಂದೆ ನಾನು ಕೂರ್ತೀನಿ!"

ಮೂರು ವರ್ಷದ ಮಗುವಾದರೆ ಎತ್ತಿ ಹಿಂದೆ ಕೂರಿಸಬಹುದು. ಹತ್ತು ವರ್ಷದವನು ಕೇಳುತ್ತಾನಲ್ಲ, "ನಾನೇನು ಚಿಕ್ಕ ಮಗುವಾ?" ಅಂತ, ಅದಕ್ಕೆ ನಮ್ಮ ಹತ್ತಿರ ಸರಿಯಾದ ಉತ್ತರ ಇರುವುದಿಲ್ಲ. "ಹೋಗಲಿ ಬಿಡು, ಬೆಲ್ಟ್ ಹಾಕಿಕೋ" ಎಂದು ಒಪ್ಪಿಬಿಡುತ್ತೇವೆ. ಆ ಉತ್ತರವನ್ನು ಇವತ್ತು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೇ ಚುಟುಕಾಗಿ ಹೇಳಿಬಿಡುತ್ತೇವೆ. 12 ವರ್ಷ ಮುಗಿಯುವವರೆಗೆ ಮಕ್ಕಳ ಜಾಗ ಹಿಂದಿನ ಸೀಟು. ಆದರೆ ಹಿಂದೆ ಕೂರಿಸಿದ್ದಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಹಿಂದೆಯೂ ಬೆಲ್ಟ್ ಹಾಕಿರಬೇಕು, ಆ ಬೆಲ್ಟ್ ಮಗುವಿನ ಮೈಗೆ ಸರಿಯಾಗಿ ಕೂರಬೇಕು. ನಮ್ಮಲ್ಲಿ ಹೆಚ್ಚಿನವರು ಮರೆಯುವುದು ಈ ಎರಡನೆಯ ಮಾತನ್ನು.

ಏರ್‌ಬ್ಯಾಗ್ ದಿಂಬಲ್ಲ

ಏರ್‌ಬ್ಯಾಗ್ ಅಂದರೆ ಮೆತ್ತನೆಯ ದಿಂಬು ಎಂದು ನಮ್ಮ ಕಲ್ಪನೆ. ನಿಜ ಸಂಗತಿ ಬೇರೆ. ಕಾರು ಜೋರಾಗಿ ಡಿಕ್ಕಿ ಹೊಡೆದಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಸಮಯದಲ್ಲಿ ಅದು ತುಂಬಿಕೊಳ್ಳಬೇಕು. ಹಾಗಾಗಿ ಡ್ಯಾಶ್‌ಬೋರ್ಡಿನಿಂದ ಅದು ಚಿಮ್ಮುವ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಪೂರ್ತಿ ಉಬ್ಬಿದ ಚೀಲದ ಮೇಲೆ ನಾವು ಬಿದ್ದರೆ ಜೀವ ಉಳಿಯುತ್ತದೆ. ಉಬ್ಬುತ್ತಿರುವಾಗಲೇ ಅದಕ್ಕೆ ಎದುರಾದರೆ ಅದೇ ದೊಡ್ಡ ಪೆಟ್ಟು.

ಈ ಚೀಲವನ್ನು ವಿನ್ಯಾಸ ಮಾಡಿದ್ದು ದೊಡ್ಡವರ ಅಳತೆಗೆ. ದೊಡ್ಡವರಿಗೆ ಅದು ಎದೆಗೆ ತಾಗುತ್ತದೆ. ಎತ್ತರ ಕಡಿಮೆ ಇರುವ ಮಗುವಿಗೆ ಮುಖಕ್ಕೆ, ಕುತ್ತಿಗೆಗೆ ಬಡಿಯುತ್ತದೆ. ಅದೂ ಅಲ್ಲದೆ ಮಕ್ಕಳು ಬೆನ್ನು ಆನಿಸಿ ಕೂರುವ ಜಾತಿಯಲ್ಲ. ರೇಡಿಯೋ ಸ್ಟೇಷನ್ ಬದಲಿಸಲು, ಕೆಳಗೆ ಬಿದ್ದ ಚಿಪ್ಸ್ ಪೊಟ್ಟಣ ಎತ್ತಿಕೊಳ್ಳಲು ಮುಂದೆ ಬಾಗುತ್ತಲೇ ಇರುತ್ತಾರೆ. ಆ ಕ್ಷಣದಲ್ಲಿ ಡ್ರೈವರ್ ಬ್ರೇಕ್ ಒತ್ತಿದರೆ ಮಗುವಿನ ತಲೆ ಇನ್ನಷ್ಟು ಮುಂದೆ ಹೋಗಿ ಏರ್‌ಬ್ಯಾಗಿನ ಬಾಯಿಗೇ ಸಿಗುತ್ತದೆ.

1990ರ ದಶಕದಲ್ಲಿ ಅಮೆರಿಕ ಇದನ್ನು ಕಷ್ಟಪಟ್ಟು ಕಲಿತುಕೊಂಡಿತು. ದೊಡ್ಡವರು ಸಣ್ಣಪುಟ್ಟ ಗಾಯಗಳಿಂದ ಪಾರಾದ ನಿಧಾನಗತಿಯ ಅಪಘಾತಗಳಲ್ಲೂ ಮುಂದೆ ಕೂತ ಮಕ್ಕಳು ಏರ್‌ಬ್ಯಾಗಿನ ಹೊಡೆತಕ್ಕೆ ಸತ್ತರು. ಅವರಲ್ಲಿ ಹೆಚ್ಚಿನವರಿಗೆ ಬೆಲ್ಟ್ ಹಾಕಿರಲಿಲ್ಲ, ಇಲ್ಲವೇ ಹಸುಗೂಸಿನ ಸೀಟನ್ನು ಹಿಮ್ಮುಖವಾಗಿ ಮುಂದೆ ಕಟ್ಟಿದ್ದರು. ಆಮೇಲೆ ಏರ್‌ಬ್ಯಾಗಿನ ಬಲವನ್ನು ಕಡಿಮೆ ಮಾಡಿದರು, ಮಕ್ಕಳನ್ನು ಹಿಂದೆ ಕೂರಿಸಿ ಎಂಬ ಪ್ರಚಾರವೂ ಜೋರಾಗಿ ನಡೆಯಿತು. 13 ವರ್ಷದೊಳಗಿನವರು ಹಿಂದೆಯೇ ಕೂರಬೇಕು ಎಂಬುದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಇಂದಿಗೂ ಕೊಡುವ ಸಲಹೆ.

ನಮ್ಮ ದೇಶದಲ್ಲಿ ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದದ್ದು 2021ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಎಷ್ಟೋ ಸಣ್ಣ ಕಾರುಗಳಲ್ಲಿ ಆ ಕಡೆ ಏರ್‌ಬ್ಯಾಗೇ ಇರುತ್ತಿರಲಿಲ್ಲ. "ನಾವೆಲ್ಲ ಚಿಕ್ಕವರಿದ್ದಾಗ ಮುಂದೆಯೇ ಕೂತು ಬಂದವರು, ಏನಾಯ್ತು?" ಎಂದು ಮನೆಯ ಹಿರಿಯರು ಕೇಳಿದರೆ ಇದನ್ನು ಅವರಿಗೆ ಹೇಳಬಹುದು. ಅಂದಿನ ಕಾರು ಬೇರೆ, ಇಂದಿನ ಕಾರು ಬೇರೆ. 2024ರ ಡಿಸೆಂಬರ್‌ನಲ್ಲಿ ನವಿ ಮುಂಬಯಿಯಲ್ಲಿ ನಡೆದ ಅಪಘಾತವೊಂದರಲ್ಲಿ ಏರ್‌ಬ್ಯಾಗ್ ತೆರೆದುಕೊಂಡು, ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಬಾಲಕ ತೀರಿಕೊಂಡ. ಇದು ದೂರದ ದೇಶದ ಕಥೆಯಾಗಿ ಉಳಿದಿಲ್ಲ.

ಹತ್ತು ವರ್ಷದವರು ಪುಟ್ಟ ದೊಡ್ಡವರಲ್ಲ

ಆರು ವರ್ಷದವನು ಸರಿ, ಹತ್ತು-ಹನ್ನೆರಡರ ಮಕ್ಕಳಿಗೂ ಇದು ಯಾಕೆ ಎಂದು ಕೇಳಬಹುದು. ಉತ್ತರ ಇರುವುದು ಮಗುವಿನ ಮೂಳೆಗಳಲ್ಲಿ. ಸೊಂಟದ ಬೆಲ್ಟ್ ದೊಡ್ಡವರ ಸೊಂಟದ ಮೂಳೆಯ ಅಂಚಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮಕ್ಕಳಲ್ಲಿ ಆ ಅಂಚು ಇನ್ನೂ ಬಲಿತಿರುವುದಿಲ್ಲ. ಡಿಕ್ಕಿಯಾದಾಗ ಬೆಲ್ಟ್ ಮೇಲೆ ಜಾರಿ ಹೊಟ್ಟೆಗೆ ಒತ್ತಿಕೊಳ್ಳುತ್ತದೆ. ಕರುಳಿಗೆ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಹೊರಗೆ ನೋಡಿದರೆ ಒಂದು ಕೆಂಪು ಗೆರೆ ಮಾತ್ರ, ಒಳಗೆ ರಕ್ತಸ್ರಾವ. ಅಪಘಾತದ ನಂತರ ಮಗುವಿನ ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ಕಂಡರೆ, ಮಗು ಆರಾಮಾಗಿ ಮಾತಾಡುತ್ತಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಭುಜದ ಬೆಲ್ಟ್. ಎತ್ತರ ಸಾಲದ ಮಗುವಿಗೆ ಅದು ಕುತ್ತಿಗೆಗೆ ಉಜ್ಜುತ್ತದೆ. ಕಿರಿಕಿರಿಯಾಗಿ ಮಗು ಅದನ್ನು ಕಂಕುಳ ಕೆಳಗೆ ಇಲ್ಲವೇ ಬೆನ್ನ ಹಿಂದೆ ಹಾಕಿಕೊಳ್ಳುತ್ತದೆ. ಅಲ್ಲಿಗೆ ಬೆಲ್ಟಿನ ಅರ್ಧ ಕೆಲಸ ಹೋಯಿತು.

ಹಾಗಾಗಿ ವಯಸ್ಸಿನ ಜೊತೆಗೆ ಎತ್ತರವನ್ನೂ ನೋಡಬೇಕು. ಕಾರಿನ ಬೆಲ್ಟ್ ಸಾಮಾನ್ಯವಾಗಿ ಸರಿಯಾಗಿ ಕೂರುವುದು ಸುಮಾರು 145 ಸೆಂಟಿಮೀಟರ್, ಅಂದರೆ 4 ಅಡಿ 9 ಇಂಚು ಎತ್ತರ ಬಂದ ಮೇಲೆ. ನಮ್ಮ ಹೆಚ್ಚಿನ ಮಕ್ಕಳು ಅಷ್ಟು ಎತ್ತರವಾಗುವ ಹೊತ್ತಿಗೆ ಹನ್ನೊಂದು-ಹನ್ನೆರಡು ವರ್ಷವಾಗಿರುತ್ತದೆ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕೆಂಬುದು ಕಾನೂನು. ಹೊರದೇಶದಲ್ಲಿರುವ ನಿಮ್ಮ ಅಕ್ಕನ ಮಕ್ಕಳು ನಾಲ್ಕನೇ ಕ್ಲಾಸಿನಲ್ಲೂ ಬೂಸ್ಟರ್ ಸೀಟಿನ ಮೇಲೆ ಕೂರುವುದು ಇದೇ ಕಾರಣಕ್ಕೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ನಿಂತ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿ ಬೆಲ್ಟ್ ಹಾಕಿ. ಈ ಐದು ಪ್ರಶ್ನೆ ಕೇಳಿಕೊಳ್ಳಿ.

1. ಬೆನ್ನು ಸೀಟಿಗೆ ಪೂರ್ತಿ ಆನಿಕೊಂಡಿದೆಯೇ?
2. ಹಾಗೆ ಕೂತಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚಿ, ಕಾಲು ಕೆಳಗಿಳಿಯುತ್ತದೆಯೇ?
3. ಸೊಂಟದ ಬೆಲ್ಟ್ ಹೊಟ್ಟೆಯ ಮೇಲೆ ಬಾರದೆ, ತೊಡೆಯ ಮೇಲ್ಭಾಗದಲ್ಲಿ ಕೂತಿದೆಯೇ?
4. ಭುಜದ ಬೆಲ್ಟ್ ಕುತ್ತಿಗೆಗೆ ತಾಗದೆ, ಭುಜದ ನಡುವಿನಿಂದ ಎದೆಯ ಮೇಲೆ ಬರುತ್ತದೆಯೇ?
5. ಪ್ರಯಾಣ ಮುಗಿಯುವವರೆಗೆ ಮಗು ಹೀಗೇ ಕೂರಬಲ್ಲದೇ?

ಐದಕ್ಕೂ "ಹೌದು" ಬಂದರೆ ಕಾರಿನ ಬೆಲ್ಟ್ ಸಾಕು. ಒಂದಕ್ಕಾದರೂ "ಇಲ್ಲ" ಬಂದರೆ ಬೂಸ್ಟರ್ ಸೀಟ್ ಬೇಕು. ಇದು ಮಗುವನ್ನು ಸ್ವಲ್ಪ ಎತ್ತರಿಸಿ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವ ಗಟ್ಟಿ ಪೀಠ. ಮನೆಯ ದಿಂಬನ್ನೋ ಮಡಚಿದ ಕಂಬಳಿಯನ್ನೋ ಇದರ ಬದಲು ಹಾಕಬೇಡಿ. ಡಿಕ್ಕಿಯ ಹೊಡೆತಕ್ಕೆ ಅದು ಅಪ್ಪಚ್ಚಿಯಾಗಿ, ಮಗು ಬೆಲ್ಟಿನ ಅಡಿಯಿಂದ ಜಾರಿಹೋಗುತ್ತದೆ.

ನಿದ್ದೆ ಬಂತೆಂದು ಮಗುವನ್ನು ಬೆಲ್ಟ್ ಬಿಚ್ಚಿ ಸೀಟಿನ ಉದ್ದಕ್ಕೆ ಮಲಗಿಸುವುದೂ ಬೇಡ. ಕೂತಲ್ಲೇ ತಲೆ ವಾಲಿಸಿ ಮಲಗಲಿ.

ಬೆಲ್ಟ್ ಇಲ್ಲದ ಹಿಂದಿನ ಸೀಟು

ಲೆಕ್ಕವೊಂದನ್ನು ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಗುದ್ದಿದರೆ, ಬೆಲ್ಟ್ ಹಾಕದವರಿಗೆ ಆಗುವ ಪೆಟ್ಟು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದಂತೆ. 20 ಕಿಲೋ ತೂಕದ ಮಗುವನ್ನು ಆ ವೇಗದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಡೆದು ನಿಲ್ಲಿಸಲು ಸುಮಾರು 280 ಕಿಲೋ ಭಾರ ಹಿಡಿಯುವಷ್ಟು ಬಲ ಬೇಕು. "ನನ್ನ ತೊಡೆ ಮೇಲೆ ಇದೆಯಲ್ಲ, ಗಟ್ಟಿಯಾಗಿ ಹಿಡಿದುಕೊಂಡಿದ್ದೀನಿ" ಎಂದು ಅಜ್ಜಿ ಪ್ರೀತಿಯಿಂದ ಹೇಳಬಹುದು. ಆದರೆ ಯಾವ ಅಜ್ಜಿಯ ಕೈಗೂ, ಯಾವ ಪೈಲ್ವಾನನ ಕೈಗೂ ಅಷ್ಟು ಬಲ ಇಲ್ಲ. ಮುಂದಿನ ಸೀಟಿನಲ್ಲಿ ಅಮ್ಮನ ತೊಡೆ ಮೇಲೆ ಕೂತ ಮಗುವಂತೂ ಏರ್‌ಬ್ಯಾಗಿಗೂ ಅಮ್ಮನಿಗೂ ನಡುವೆ ಸಿಕ್ಕಿಬೀಳುತ್ತದೆ.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡದ್ದು ಮುಂಬಯಿಯವರಿಗೆ ನೆನಪಿರುತ್ತದೆ. ದುಬಾರಿ ಕಾರು, ಏರ್‌ಬ್ಯಾಗುಗಳೂ ಇದ್ದವು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು, ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದೇ ವರ್ಷ ನವೆಂಬರ್‌ನಿಂದ ಮುಂಬಯಿ ಪೊಲೀಸರು ಹಿಂದಿನ ಸೀಟಿನ ಬೆಲ್ಟನ್ನೂ ಕಡ್ಡಾಯ ಮಾಡಿದರು. ಹಿಂದಿನ ಸೀಟು ತಾನಾಗಿಯೇ ಯಾರನ್ನೂ ಕಾಪಾಡುವುದಿಲ್ಲ.

ಹೊಸ ಕಾರುಗಳ ಬಗ್ಗೆ ಓದುವವರು ಇನ್ನೊಂದು ಪ್ರಶ್ನೆ ಎತ್ತಬಹುದು. "ಈಗ ಮುಂದಿನ ಸೀಟೇ ಹೆಚ್ಚು ಸುರಕ್ಷಿತ ಅಂತಾರಲ್ಲ?" ಅದರಲ್ಲಿ ಸ್ವಲ್ಪ ನಿಜ ಇದೆ. ಡಿಕ್ಕಿಯಾದ ಕೂಡಲೇ ಬೆಲ್ಟನ್ನು ಬಿಗಿ ಮಾಡುವ ಸಾಧನ ಅನೇಕ ಕಾರುಗಳಲ್ಲಿ ಮುಂದಿನ ಸೀಟಿಗೆ ಮಾತ್ರ ಇದೆ. ಹಾಗಾಗಿ ದೊಡ್ಡವರಿಗೆ ಮುಂದಿನ ಸೀಟಿನಲ್ಲಿ ಹೆಚ್ಚಿನ ರಕ್ಷಣೆ ಸಿಗಬಹುದು. ಇದನ್ನು ನೋಡಿಯೇ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2022ರಿಂದ ತನ್ನ ಡಿಕ್ಕಿ ಪರೀಕ್ಷೆಯಲ್ಲಿ ಹಿಂದಿನ ಸೀಟಿನಲ್ಲೂ ಒಂದು ಗೊಂಬೆ ಕೂರಿಸುತ್ತಿದೆ. ಆ ಗೊಂಬೆಯ ಅಳತೆ ಸಣ್ಣ ಮೈಕಟ್ಟಿನ ಹೆಂಗಸಿನದು, ಅಂದರೆ 12 ವರ್ಷದ ಮಗುವಿನದು. ಹೀಗಿದ್ದೂ ಮಕ್ಕಳಿಗೆ ಹಿಂದಿನ ಸೀಟೇ ಒಳ್ಳೆಯದು ಎಂಬ ಸಲಹೆ ಬದಲಾಗಿಲ್ಲ, ಯಾಕೆಂದರೆ ಮುಂದೆ ಏರ್‌ಬ್ಯಾಗಿನ ಅಪಾಯ ಇದ್ದೇ ಇದೆ.

ನಮ್ಮ ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಮಗು ಮುಂದೆ ಕೂರಬೇಕೋ ಹಿಂದೆ ಕೂರಬೇಕೋ ಎಂದು ಈ ಕಲಂ ಹೇಳುವುದಿಲ್ಲ. ದಂಡ ಬೀಳುವುದಿಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. ಆ ನಿರ್ಧಾರವನ್ನು ನಾವೇ ಮಾಡಬೇಕು.

"ಆದರೆ ನಮ್ಮ ಮನೆಯಲ್ಲಿ..."

ಕಾರಣಗಳು ಇದ್ದೇ ಇರುತ್ತವೆ. ಒಂದೊಂದಾಗಿ ನೋಡೋಣ.

ಹಿಂದೆ ಕೂತರೆ ವಾಂತಿ ಬರುತ್ತದೆ: ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇದು ನಿಜವಾದ ತೊಂದರೆ. ಮುಂದಿನ ರಸ್ತೆ ಕಣ್ಣಿಗೆ ಕಾಣುವಂತೆ ಹಿಂದಿನ ಸೀಟಿನ ನಡುವೆ ಕೂರಿಸಿ. ಆದರೆ ಅಲ್ಲಿ ಭುಜಕ್ಕೂ ಬರುವ ಬೆಲ್ಟ್ ಇದ್ದರೆ ಮಾತ್ರ. ಮೊಬೈಲು, ಕಥೆ ಪುಸ್ತಕ ಒಳಗಿಡಿ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಸ್ವಲ್ಪ ಗಾಳಿ ಆಡಲಿ, ನಡುನಡುವೆ ನಿಲ್ಲಿಸಿ. ಮಾತ್ರೆ ಬೇಕಾದರೆ ಮುಂಚಿತವಾಗಿ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಬಾಡಿಗೆ ಕಾರಿನಲ್ಲಿ ಹಿಂದೆ ಬೆಲ್ಟ್ ಸಿಗುವುದಿಲ್ಲ: ಎಷ್ಟೋ ಸಲ ಬೆಲ್ಟ್ ಇರುತ್ತದೆ, ಅದನ್ನು ಸಿಕ್ಕಿಸುವ ಜಾಗ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಸಾಮಾನು ಇಡುವ ಮುಂಚೆಯೇ "ಅಣ್ಣಾ, ಹಿಂದಿನ ಬೆಲ್ಟ್ ತೆಗೆದುಕೊಡಿ" ಎಂದು ಡ್ರೈವರನ್ನು ಕೇಳಿ. ದೂರ ಪ್ರಯಾಣಕ್ಕೆ ಕಾರು ಗೊತ್ತುಮಾಡುವಾಗ ಫೋನಿನಲ್ಲೇ ಹೇಳಿಬಿಡುವುದು ಇನ್ನೂ ಒಳ್ಳೆಯದು.

ಜನ ಹೆಚ್ಚು, ಸೀಟು ಕಡಿಮೆ: ಒಂದು ಬೆಲ್ಟಿನಲ್ಲಿ ಇಬ್ಬರು ಮಕ್ಕಳನ್ನು ಕಟ್ಟಬಾರದು. ಡಿಕ್ಕಿಯಾದಾಗ ಒಬ್ಬರ ತಲೆ ಇನ್ನೊಬ್ಬರಿಗೆ ಬಡಿಯುತ್ತದೆ. ಎಷ್ಟು ಬೆಲ್ಟೋ ಅಷ್ಟೇ ಜನ. ಉಳಿದವರಿಗೆ ಬಸ್ಸೋ ರೈಲೋ ಆಗಲಿ, ಇಲ್ಲವೇ ದೊಡ್ಡ ಗಾಡಿ ಮಾಡಿ.

ಬೇರೆ ದಾರಿಯೇ ಇಲ್ಲ, ಮುಂದೆ ಕೂರಿಸಲೇಬೇಕು: ಹಿಂದೆ ಎಲ್ಲರೂ ಇನ್ನೂ ಚಿಕ್ಕ ಮಕ್ಕಳಾಗಿದ್ದರೆ ಎಲ್ಲರಿಗಿಂತ ಎತ್ತರದ ಮಗುವನ್ನು ಮುಂದೆ ಕೂರಿಸಿ. ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಿ, ಬೆನ್ನಿನ ಭಾಗವನ್ನು ನೆಟ್ಟಗೆ ನಿಲ್ಲಿಸಿ. ಬೆಲ್ಟ್ ಸರಿಯಾಗಿ ಕೂರದಿದ್ದರೆ ಇಲ್ಲೂ ಬೂಸ್ಟರ್ ಬೇಕು. ಸೀಟು ಒರಗಿಸಿ ಮಲಗಬಾರದು, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬಾರದು, ಮುಂದೆ ಬಾಗಬಾರದು. ಹಸುಗೂಸಿನ ಹಿಮ್ಮುಖ ಸೀಟನ್ನು ಮಾತ್ರ ಏರ್‌ಬ್ಯಾಗ್ ಚಾಲೂ ಇರುವ ಜಾಗದಲ್ಲಿ ಎಂದಿಗೂ ಇಡಬೇಡಿ.

ಮಗುವಿಗೆ ಹೇಳುವುದು ಹೇಗೆ?

ಹತ್ತು ವರ್ಷದ ಮಕ್ಕಳಿಗೆ "ಬೇಡ ಅಂದ್ರೆ ಬೇಡ" ಎಂದರೆ ಸಿಟ್ಟು ಬರುತ್ತದೆ, ಕಾರಣ ಹೇಳಿದರೆ ಅರ್ಥವಾಗುತ್ತದೆ. ಏರ್‌ಬ್ಯಾಗ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿ. ಮೇಲಿನ ಐದು ಪ್ರಶ್ನೆಗಳ ಪರೀಕ್ಷೆಯನ್ನು ಅವರ ಕೈಯಲ್ಲೇ ಮಾಡಿಸಿ. ಮನೆಯ ಗೋಡೆಯ ಮೇಲೆ 145 ಸೆಂಟಿಮೀಟರಿಗೆ ಒಂದು ಗೆರೆ ಎಳೆಯಿರಿ. "ಈ ಗೆರೆ ಮುಟ್ಟಬೇಕು, ಹದಿಮೂರನೇ ಹುಟ್ಟುಹಬ್ಬವೂ ಬರಬೇಕು, ಆಮೇಲೆ ಮುಂದಿನ ಸೀಟು ನಿನ್ನದೇ" ಎಂದು ಮಾತು ಕೊಡಿ. ಕಾಯಲು ಒಂದು ಗಡುವಿದ್ದರೆ ಜಗಳ ಕಡಿಮೆ. ಎಲ್ಲರ ಬೆಲ್ಟ್ ನೋಡಿ "ರೈಟ್!" ಎಂದು ಹೇಳುವ ಕಂಡಕ್ಟರ್ ಕೆಲಸವನ್ನು ಅವರಿಗೇ ವಹಿಸಿ. ಅವರು ಹೇಳುವವರೆಗೆ ಗಾಡಿ ಹೊರಡಬಾರದು.

ಒಂದು ಮಾತು ಮಾತ್ರ ಮರೆಯಬೇಡಿ. ಹಿಂದೆ ಕೂತ ಅಜ್ಜ-ಅಜ್ಜಿ ಬೆಲ್ಟ್ ಹಾಕದೆ ಮೊಮ್ಮಗನಿಗೆ ಮಾತ್ರ ಹಾಕು ಎಂದರೆ ಅವನು ಕೇಳುವುದಿಲ್ಲ. ಅದೂ ಅಲ್ಲದೆ ಬೆಲ್ಟ್ ಹಾಕದ ದೊಡ್ಡವರು ಡಿಕ್ಕಿಯಾದಾಗ ಪಕ್ಕದ ಮಗುವಿನ ಮೇಲೇ ಬೀಳುತ್ತಾರೆ.

ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯಲ್ಲಿ ಅಳತೆ ಟೇಪು ಹುಡುಕಿ, ನಿಮ್ಮ ಕಾರಿನ ಹಿಂದಿನ ಬೆಲ್ಟುಗಳನ್ನು ಎಳೆದು ನೋಡಿ. ಸಿಕ್ಕಿಕೊಂಡಿದ್ದರೆ ಊರಿಗೆ ಹೊರಡುವ ಮುಂಚೆಯೇ ಸರಿಮಾಡಿಸಿ. ನಿಮ್ಮೆಲ್ಲರ ಪ್ರಯಾಣ ಸುಖಕರವಾಗಿರಲಿ.