ಬಿದ್ದವರು ಅಲ್ಲಿ, ನಾವು ಇಲ್ಲಿ

"ಏನಿಲ್ವೋ, ಸ್ವಲ್ಪ ಜಾರ್ದೆ ಅಷ್ಟೇ. ನೀ ಬರೋದೇನೂ ಬೇಡ."

ಸಾಗರದ ಹತ್ತಿರದ ಹಳ್ಳಿಯಿಂದ ಅಮ್ಮ ಹೀಗೆ ಹೇಳಿದಾಗ ನಾನು ಪುಣೆಯಲ್ಲಿದ್ದೆ. ಬಚ್ಚಲಮನೆಯ ಹೊಸ್ತಿಲಲ್ಲಿ ಬಿದ್ದು ಆಗಲೇ ಎರಡು ತಾಸಾಗಿತ್ತು. ಚಿಕ್ಕಮ್ಮ ಮಂಚದ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ನೋವಿದೆಯಾ ಎಂದು ಕೇಳಿದೆ. ಇಲ್ಲವೆಂದಳು. ನಾನೂ ನಂಬಿ ಕೆಲಸಕ್ಕೆ ಕೂತೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ಎದ್ದು ನಿಲ್ಲಲು ಆಗುತ್ತದೆಯೇ? ಎರಡೂ ಕಾಲನ್ನು ಜೋಡಿಸಿಟ್ಟು ನೋಡಿದರೆ ಪೆಟ್ಟಾದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿಕೊಂಡು ಕಾಣುತ್ತದೆಯೇ? ಕಂಡರೆ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು ಗಾಡಿ ಕರೆಸಬೇಕು. ರೂಢಿಯಲ್ಲಿ ನಾವು "ಸೊಂಟ ಮುರಿಯಿತು" ಅನ್ನುತ್ತೇವಾದರೂ ಹೆಚ್ಚಿನ ಸಲ ಮುರಿದಿರುವುದು ತೊಡೆಯ ಮೂಳೆ, ಅದು ಸೊಂಟದ ಗುಂಡಿಗೆ ಸೇರುವ ಕತ್ತಿನಲ್ಲಿ ಅಥವಾ ಕತ್ತಿನ ಬುಡದಲ್ಲಿ. ತಲೆಗೆ ತಗುಲಿದೆಯೇ ಎಂಬುದನ್ನೂ ಕೇಳಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ತಲೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ಎರಡು ಮೂರು ವಾರ ಕಳೆದ ಮೇಲೆ ಮಂಕು, ತಲೆನೋವು, ತೂರಾಡುವ ನಡಿಗೆಯಾಗಿ ಕಾಣಿಸಿಕೊಳ್ಳುವುದುಂಟು.

ಗಾಡಿಯ ವಿಷಯದಲ್ಲಿ ಒಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ಪುಣೆಯಿಂದ 108 ಒತ್ತಿದರೆ ಕರೆ ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ, ಶಿವಮೊಗ್ಗಕ್ಕಲ್ಲ. ಊರಲ್ಲಿರುವವರೇ ಒತ್ತಬೇಕು. ಪಕ್ಕದ ಮನೆಯವರ, ಊರಿನ ಜೀಪಿನವರ ನಂಬರು ನಿಮ್ಮ ಫೋನಿನಲ್ಲಿ ಇವತ್ತೇ ಇರಲಿ.

ಆಮೇಲೆ ಶುರುವಾಗುವುದು ಮಾತಿನ ಮಳೆ. ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ ಎಂದು ಒಬ್ಬರು, ನಾಟಿ ಕಟ್ಟು ಹಾಕಿಸಿ ಎಂದು ಇನ್ನೊಬ್ಬರು, ಆಂಧ್ರದ ಪುತ್ತೂರಿಗೇ ಕರೆದೊಯ್ಯಿರಿ ಎಂದು ಮತ್ತೊಬ್ಬರು. ಕೈ ಮುರಿದಾಗ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು, ತೊಡೆಯ ಕತ್ತಿಗೆ ಕಟ್ಟು ಹಾಕಲು ಬರುವುದಿಲ್ಲ. ಮಲಗಿಸಿಟ್ಟರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬೆನ್ನಿನಡಿ ಹಾಸಿಗೆ ಹುಣ್ಣು ಒಂದರ ಹಿಂದೊಂದು ಬರುತ್ತವೆ. ಈ ಮುರಿತವಾದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ ಎನ್ನುವುದು ಹಲವು ದೇಶಗಳ ಲೆಕ್ಕ. ಅದಕ್ಕೇ ವೈದ್ಯರು ಸಾಧ್ಯವಾದರೆ 48 ಗಂಟೆಯೊಳಗೆ ರಾಡೋ ಬಾಲೋ ಹಾಕಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಲು ನೋಡುತ್ತಾರೆ. ಕರುಣೆ ಇಲ್ಲದವರಂತೆ ಕಾಣುತ್ತಾರೆ, ಆದರೆ ಆಪರೇಷನ್ ಮಾಡಿಸುವುದೇ ಹಾಸಿಗೆ ಬಿಟ್ಟು ಏಳಿಸುವುದಕ್ಕೆ.

ಈ ಎರಡು ದಿನ ದೂರದವರಿಂದ ಆಗುವ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು ಎಂದು ಅನುಭವದಿಂದ ಹೇಳುತ್ತೇನೆ. ಇದಕ್ಕೆ ವೈದ್ಯರ ವಲಯದಲ್ಲಿ ಒಂದು ಹೆಸರೇ ಇದೆ: ಕ್ಯಾಲಿಫೋರ್ನಿಯಾದ ಮಗಳು. ಎಷ್ಟೋ ಕಾಲದಿಂದ ಬಾರದ ಮಗಳು ಕೊನೆಗೆ ಹಾರಿಬಂದು, ಹತ್ತಿರದವರೂ ವೈದ್ಯರೂ ಸೇರಿ ಮಾಡಿದ ತೀರ್ಮಾನವನ್ನೆಲ್ಲ ಬುಡಮೇಲು ಮಾಡುವ ಪ್ರಸಂಗವದು. 1991ರಲ್ಲಿ ಅಮೆರಿಕದ ವೃದ್ಧವೈದ್ಯರ ಪತ್ರಿಕೆಯೊಂದರಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಇದನ್ನೇ ನ್ಯೂಯಾರ್ಕಿನ ಮಗಳು ಅನ್ನುತ್ತಾರಂತೆ. ನಮ್ಮಲ್ಲಿ ಮಗನೂ ಇರಬಹುದು, ಬರಬೇಕೆಂದೂ ಇಲ್ಲ, ವಾಟ್ಸಾಪ್ ಸಾಕು. ನಾನು ಅಂತರ್ಜಾಲ ಜಾಲಾಡಿ ಚಿಕ್ಕಮ್ಮನ ಮಗನಿಗೆ ರಾತ್ರಿ ಹನ್ನೊಂದಕ್ಕೆ ಒಂಬತ್ತು ಪ್ರಶ್ನೆ ಕಳಿಸಿದ್ದೆ. ಅವನು ಆಸ್ಪತ್ರೆಯ ಬೆಂಚಿನ ಮೇಲೆ ಊಟವಿಲ್ಲದೆ ಕೂತಿದ್ದ. "ಅಣ್ಣಾ, ನೀನೇ ಬಂದು ಕೇಳು" ಎಂದಷ್ಟೇ ಬರೆದ.

ಸ್ಥಳದಲ್ಲಿರುವ ಒಬ್ಬರಿಗೆ ತೀರ್ಮಾನ ಬಿಟ್ಟುಕೊಡಿ. ವೈದ್ಯರೊಡನೆ ಮಾತಾಡುವವರು ಅವರೊಬ್ಬರೇ ಆಗಿರಲಿ. ನಿಮ್ಮ ಪಾಲಿಗೆ ಕೂತಲ್ಲಿಂದ ಮಾಡುವ ಕೆಲಸ ಬೇಕಾದಷ್ಟಿದೆ. ವಿಮೆ ಇದ್ದರೆ ದಾಖಲಾದ 24 ಗಂಟೆಯೊಳಗೆ ಕಂಪನಿಗೆ ತಿಳಿಸುವುದು, ದುಡ್ಡು ಕೇಳುವ ಮೊದಲೇ ಹಾಕುವುದು, ತಿನ್ನುತ್ತಿದ್ದ ಮಾತ್ರೆಗಳ ಪಟ್ಟಿ ಕಳಿಸುವುದು, ನೆಂಟರ ಫೋನುಗಳನ್ನೆಲ್ಲ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳುವುದು. ಕೊನೆಯದು ದೊಡ್ಡ ಸೇವೆ.

ಆಪರೇಷನ್ ಆದ ರಾತ್ರಿ ಇನ್ನೊಂದು ಗಾಬರಿ ಕಾದಿರುತ್ತದೆ. ಅಮ್ಮ ಹಾಸಿಗೆಯ ಮೇಲೆ ಕೂತು ಕೊಟ್ಟಿಗೆಗೆ ಹೋಗಬೇಕೆಂದು ಹಟ ಹಿಡಿದಳು. ಕರು ಬಿಟ್ಟಿದ್ದಾರೆ, ಹಾಲು ಕುಡಿದುಬಿಡುತ್ತದೆ ಎಂದಳು. ಕೊಟ್ಟಿಗೆ ಖಾಲಿಯಾಗಿ ಆರು ವರ್ಷವಾಗಿತ್ತು. ಹಿಂದಿನವರು ಸನ್ನಿ ಅನ್ನುತ್ತಿದ್ದರಲ್ಲ, ಅದೇ ಇದು. ಅರಿವಳಿಕೆ, ನೋವು, ನಿದ್ದೆಗೇಡು, ಗುರುತಿಲ್ಲದ ಕೋಣೆ ಎಲ್ಲ ಸೇರಿ ತರುವ ಗೊಂದಲ. ಮರುಳೂ ಅಲ್ಲ, ಮರೆವಿನ ಕಾಯಿಲೆಯೂ ಅಲ್ಲ, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ವೈದ್ಯರಿಗೆ ಮಾತ್ರ ಹೇಳಲೇಬೇಕು, ಏಕೆಂದರೆ ಸೋಂಕು ಅಥವಾ ಉಪ್ಪಿನಂಶ ಏರುಪೇರಾದರೂ ಹೀಗಾಗುತ್ತದೆ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಮನೆಯಲ್ಲೇ ಉಳಿದಿದ್ದರೆ ತರಿಸಿ. ದೂರದ ದನಿ ನಿಜಕ್ಕೂ ಕೆಲಸಕ್ಕೆ ಬರುವುದು ಈ ಹೊತ್ತಿನಲ್ಲೇ. ವಾದಿಸಲು ಹೋಗದೆ ಕರುವಿನ ಬಣ್ಣ ಕೇಳಿದೆ. ಅದನ್ನೇ ಹೇಳುತ್ತ ಮಲಗಿದಳು.

ಎಲ್ಲರೂ ಆಪರೇಷನ್ ದಿನಕ್ಕೆ ರಜೆ ಹಾಕಿ ಓಡುತ್ತಾರೆ. ನನ್ನನ್ನು ಕೇಳಿದರೆ, ಜೀವಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದರೆ, ಆ ರಜೆಯನ್ನು ಮನೆಗೆ ಕಳಿಸುವ ದಿನಕ್ಕೆ ಉಳಿಸಿಕೊಳ್ಳಿ. ಆಸ್ಪತ್ರೆಯಲ್ಲಿ ದಾದಿಯರಿದ್ದಾರೆ. ಮನೆಯಲ್ಲಿರುವುದು ಎಪ್ಪತ್ತೆಂಟರ ಅಪ್ಪ, ಮತ್ತು ಕುಕ್ಕರುಗಾಲಿನ ಕಕ್ಕಸು. ಬಾಲ್ ಬದಲಿಸಿದವರು ಕುಕ್ಕರುಗಾಲಲ್ಲಿ ಕೂರಬಾರದು, ನೆಲಕ್ಕೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು. ಆದ್ದರಿಂದ ಕಮೋಡ್ ಕುರ್ಚಿ, ಮೊಣಕಾಲಿಗಿಂತ ಎತ್ತರದ ಮಂಚ, ಬಚ್ಚಲಲ್ಲಿ ಗೋಡೆಗೆ ಬಲವಾಗಿ ಕೂರಿಸಿದ ಹಿಡಿಕೆ ಅವರು ಬರುವುದಕ್ಕೆ ಮೊದಲೇ ಸಿದ್ಧವಿರಬೇಕು. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ನನಗೆ ಇದೆಲ್ಲ ಗೊತ್ತಾದದ್ದು ರಜೆ ಮುಗಿಸಿ ಪುಣೆಗೆ ಮರಳಿದ ಮೇಲೆ.

ಆಸ್ಪತ್ರೆ ಬಿಡುವಾಗ ಇನ್ನೊಂದನ್ನು ಕೇಳಿ ತಿಳಿದುಕೊಳ್ಳಿ: ಮುರಿದದ್ದನ್ನು ಸರಿಮಾಡಿದಿರಿ, ಮೂಳೆ ಟೊಳ್ಳಾಗಿರುವುದಕ್ಕೆ ಏನು ಮದ್ದು? ನಿಂತಲ್ಲಿಂದ ಬಿದ್ದು ಮುರಿದ ಮೂಳೆ ಮೊದಲೇ ಸವೆದಿರುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರವಲ್ಲದೆ ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಚುಚ್ಚುಮದ್ದಿನ ಚಿಕಿತ್ಸೆಗಳಿವೆ. ನಮ್ಮ ಆಸ್ಪತ್ರೆಯಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ಬಿದ್ದದ್ದೇಕೆ ಎಂಬುದನ್ನೂ ಹುಡುಕಿಸಬೇಕು. ನಿದ್ದೆಯ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಜಾಸ್ತಿಯಾದ ಬಿಪಿ ಮಾತ್ರೆ ಎಲ್ಲವೂ ಎದ್ದಾಗ ತಲೆ ಸುತ್ತಿಸಬಲ್ಲವು. ಮಲಗಿದ್ದಾಗೊಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೊಮ್ಮೆ ಬಿಪಿ ನೋಡಿದಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕಾಗುತ್ತದೆ.

ಬೀಳುವುದನ್ನು ಪತ್ತೆಹಚ್ಚುವ ಗಡಿಯಾರವನ್ನೂ ಕೊಡಿಸಿದೆ. ಮಲೆನಾಡಿನ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಈಗ ಅದು ದೇವರ ಗೂಡಿನಲ್ಲಿದೆ. ಅದಕ್ಕಿಂತ ಹಾಲಿನ ಡೈರಿಗೆ ಹೋಗುವ ಹುಡುಗ ಮೇಲು, ಬೆಳಗ್ಗೆ ಏಳಕ್ಕೆ ಕಿಟಕಿಯಲ್ಲಿ ಇಣುಕಿ "ಅಮ್ಮಾ" ಎಂದು ಕೂಗಿ ಹೋಗುತ್ತಾನೆ. ನಾನೂ ಹೇಗಿದ್ದೀಯ ಎಂದು ಕೇಳುವುದು ಬಿಟ್ಟಿದ್ದೇನೆ, ಅದಕ್ಕೆ ಆರಾಮ ಎಂಬ ಒಂದೇ ಉತ್ತರ. ಇವತ್ತು ಅಂಗಳದವರೆಗೆ ಬಂದೆಯಾ, ರಾತ್ರಿ ಬಚ್ಚಲಿಗೆ ಹೋಗುವಾಗ ಯಾರನ್ನು ಎಬ್ಬಿಸಿದೆ ಎಂದು ಕೇಳುತ್ತೇನೆ. ಬೈಗುಳದ ಜೊತೆ ನಿಜವೂ ಬರುತ್ತದೆ.

ಹಿರಿಯರ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಮಳೆ ಹಿಡಿಯುವ ಮೊದಲು ಊರಿಗೊಮ್ಮೆ ಹೋಗಿ ಬನ್ನಿ. ಬಚ್ಚಲ ದಾರಿಯ ಪಾಚಿ ಕೆರೆಸಿ, ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಸಿ, ಹೊಸ್ತಿಲ ಮೇಲೊಂದು ದೀಪ ಹಾಕಿಸಿ.