ಬೆಳಿಗ್ಗೆ ಆಪರೇಷನ್, ಸಂಜೆ ಮನೆಗೆ: ಕಣ್ಣಿನ ಪೊರೆಗೆ ದೂರದ ದೊಡ್ಡ ಆಸ್ಪತ್ರೆಯೇ ಬೇಕೆ?

‘ಕಣ್ಣಿನ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸುವ ಕಡೆ ಹೋಗಬೇಡಿ. ಕಣ್ಣಿನ ವಿಷಯ, ಬೆಂಗಳೂರಿಗೇ ಹೋಗಿ.’ ಇಂಥ ಸಲಹೆ ಊರಿನ ಕಟ್ಟೆಯಲ್ಲೂ ವಾಟ್ಸಾಪ್ ಗುಂಪಿನಲ್ಲೂ ಸಿಗುತ್ತದೆ. ಇದು ಸರಿಯೇ?

ಅದೇ ದಿನ ಕಳಿಸಿದರೆ ಅರೆಬರೆ ಚಿಕಿತ್ಸೆಯೇ?

ಅಲ್ಲ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ, ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಲೆನ್ಸ್ ಕೂರಿಸುತ್ತಾರೆ. ಫೇಕೋ ವಿಧಾನದಲ್ಲಿ ಸೀಳು ಸುಮಾರು 2ರಿಂದ 3 ಮಿಲಿಮೀಟರ್ ಅಷ್ಟೇ, ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಹೆಚ್ಚಿನವರಿಗೆ ಕಣ್ಣಿಗಷ್ಟೇ ಅರಿವಳಿಕೆ ಕೊಡುತ್ತಾರೆ. ಹಾಗಾಗಿ ಅದೇ ದಿನ ಮನೆಗೆ ಹೋಗಬಹುದು.

ಹತ್ತಿರದ ಆಸ್ಪತ್ರೆ ಆರಿಸುವುದು ತಪ್ಪೇ?

ಬಸ್ಸು ಇದೆಯೇ, ಜೊತೆಗೆ ಯಾರು ಬರುತ್ತಾರೆ, ಎಷ್ಟು ದಿನದ ಕೂಲಿ ಹೋಗುತ್ತದೆ, ಪಕ್ಕದ ಮನೆಯವರಿಗೆ ಎಲ್ಲಿ ಗುಣವಾಯಿತು? ಹಳ್ಳಿಯ ಕುಟುಂಬಗಳು ಲೆಕ್ಕ ಹಾಕುವುದು ಹೀಗೆ. ಇದು ಅಜ್ಞಾನವಲ್ಲ. ಕರ್ನಾಟಕದ ನೇತ್ರತಜ್ಞ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ನಡೆಸಿದ್ದರಿಂದಲೇ ಎಷ್ಟೋ ಬಡವರಿಗೆ ದೃಷ್ಟಿ ಬಂತು. ಈಗ ಸಾಮಾನ್ಯವಾಗಿ ಶಿಬಿರದಲ್ಲಿ ತಪಾಸಣೆಯಷ್ಟೇ, ಆಪರೇಷನ್ ನಡೆಯುವುದು ಆಸ್ಪತ್ರೆಯ ಥಿಯೇಟರಿನಲ್ಲಿ.

ಆಪರೇಷನ್ ಒಂದೇ ದಿನದ್ದಾದರೂ ಆರೈಕೆ ಕೆಲವು ವಾರಗಳದ್ದು. ಮರುದಿನವೋ ವೈದ್ಯರು ಹೇಳಿದ ದಿನವೋ ತೋರಿಸಬೇಕು, ಆಮೇಲೂ ಹೋಗಿ ಬರಬೇಕು, ತಪ್ಪದೆ ಡ್ರಾಪ್ಸ್ ಹಾಕಬೇಕು. ದೂರದ ಆಸ್ಪತ್ರೆಯಾದರೆ ಈ ಮರುಭೇಟಿಗಳೇ ತಪ್ಪಿಹೋಗುತ್ತವೆ.

ಹಾಗಾದರೆ ಏನು ಕೇಳಬೇಕು?

• ಆಪರೇಷನ್ ಮಾಡುವ ನೇತ್ರತಜ್ಞರು ಯಾರು? ಮರುಭೇಟಿಗೆ ಅವರೇ ಸಿಗುತ್ತಾರೆಯೇ?
• ರಾತ್ರಿ ನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು?
• ಲೆನ್ಸ್, ಔಷಧಿ ಸೇರಿ ಒಟ್ಟು ಖರ್ಚೆಷ್ಟು? ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುತ್ತದೆಯೇ ಎಂದೂ ವಿಚಾರಿಸಿ.

ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಹಾನಿ, ತೀವ್ರ ಹೃದ್ರೋಗ ಇದ್ದವರನ್ನು ವೈದ್ಯರೇ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಆಗ ಹೋಗಲೇಬೇಕು.

ಯಾವಾಗ ತಡಮಾಡಬಾರದು?

ಆಪರೇಷನ್ ಆದ ಮೇಲೆ ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ಕೀವು ಬಂದರೆ, ದೃಷ್ಟಿ ಕುಗ್ಗಿದರೆ ಅದು ಸೋಂಕಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ಕೆಲವೇ ಗಂಟೆಗಳ ತಡವೂ ಕಣ್ಣನ್ನೇ ಕಳೆಯಬಹುದು.

ಬೆಂಗಳೂರಿಗೆ ಹೋಗಲಾಗದವರು ಕೊನೆಗೆ ‘ಪೊರೆ ಇನ್ನೂ ಬಲಿಯಲಿ’ ಎಂದು ಸುಮ್ಮನಾಗಿಬಿಡುತ್ತಾರೆ. ಪೊರೆ ಬಲಿಯುವವರೆಗೆ ಕಾಯಬೇಕಿಲ್ಲ. ತೀರಾ ಬಲಿತರೆ ಆಪರೇಷನ್ ಕಷ್ಟವಾಗುತ್ತದೆ, ಕಣ್ಣಿನೊತ್ತಡವೂ ಏರಬಹುದು. ಅಲ್ಲಿಯವರೆಗೆ ಮಬ್ಬುಗಣ್ಣಿನಲ್ಲಿ ಎಡವಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಬೇರೆ. ಮನೆಯ ಅಜ್ಜ ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಆ ಫಾರ್ವರ್ಡ್ ಬಿಟ್ಟು ಈ ಪ್ರಶ್ನೆಗಳನ್ನು ಕಳಿಸಿ.